ಬೇಸಿಗೆ ಕೊನೆಯ ಮಡು, ಗಾಳ ಮತ್ತು ಬಿತ್ತನೆ ಮೀನು

ಕೃತ್ತಿಕಾ ಮಳೆ ನಾಲ್ಕು ಹನಿ ಉದುರಿಸಿ ಹೋಗಿರುತ್ತದೆ, ರೋಹಿಣಿ ಇನ್ನೂ ಹುಟ್ಟಿರುವುದಿಲ್ಲ. ಹೊಲ ಹರಗಿ ಬಿಟ್ಟಾಗಿದೆ, ಬಿತ್ತನೆಗೆ ಇನ್ನೂ ದಿನಗಳಿವೆ. ಮಕ್ಕಳಿಗೆ ಶಾಲೆಯ ರಜೆ ಮುಗಿಯುತ್ತ ಬಂದಿದೆ. ಇಂಥ ಹೊತ್ತಿನಲ್ಲಿ ಹಡಗಲಿ ತಾಲೂಕಿನ ಮದಲಗಟ್ಟಿ ಕಡೆಗೋ, ಹರಪನಹಳ್ಳಿ ತಾಲೂಕಿನ ಹಲವಾಗಲು ಕಡೆಗೋ, ಹಗರಿಬೊಮ್ಮನಹಳ್ಳಿ ತಾಲೂಕಿನ ತಂಬ್ರಹಳ್ಳಿ ಹಿನ್ನೀರಿನ ಕಡೆಗೋ ಹೋಗಿ ನೋಡಿ. ಬೆಳಿಗ್ಗೆ ಆರಕ್ಕೇ ದಂಡೆ ಮೇಲೆ ತಲೆಗೆ ಟವೆಲ್ ಸುತ್ತಿಕೊಂಡು, ಬಿದಿರು ಕೋಲು ಚಾಚಿಕೊಂಡು ಕೂತವರು ಇದ್ದೇ ಇರುತ್ತಾರೆ.

“ಏನಣ್ಣಾ, ಬಿದ್ದಾವೇನು?” ಅಂದರೆ ಉತ್ತರ ಬಹಳ ಸಲ ಒಂದೇ: “ಎಲ್ಲಿಯವು ತಗಿ, ನೀರು ಕಾದೈತಿ.”

ಈ ಪುಟ್ಟ ಮಾತಿನಲ್ಲೇ ಒಂದು ದೊಡ್ಡ ವಿಷಯ ಅಡಗಿದೆ. ನೀರು ಕಾದಾಗ ಮೀನಿಗೆ ಏನಾಗುತ್ತದೆ? ಆಗ ಗಾಳ ಹಾಕಬೇಕೋ ಬೇಡವೋ? ಹಾಕಿದರೆ ಯಾವುದನ್ನು ಮನೆಗೆ ತರಬೇಕು, ಯಾವುದನ್ನು ಬಿಟ್ಟುಬಿಡಬೇಕು? ಗಾಳ ಹಾಕುವವರ ಮನೆಯವರು, ಮೀನು ಕೊಂಡು ತಿನ್ನುವವರು, ಇಬ್ಬರೂ ಇದನ್ನು ತಿಳಿದಿದ್ದರೆ ಒಳ್ಳೆಯದು.

ನಮ್ಮ ನೀರು ಎಲ್ಲೆಲ್ಲಿದೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲೂಕು ಈಗ ವಿಜಯನಗರ ಜಿಲ್ಲೆಯಲ್ಲಿವೆ. ಆದರೆ ನೀರಿನ ಲೆಕ್ಕದಲ್ಲಿ ಐದೂ ಒಂದೇ ಅಲ್ಲ. ಹರಪನಹಳ್ಳಿ ಮತ್ತು ಹಡಗಲಿಗೆ ಪಶ್ಚಿಮದಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಡಗಲಿಯ ಮಲ್ಲಿಗೆ ಹಡಗೇರಿ ಇದೇ ಹೊಳೆಯಲ್ಲಿ ವಿಜಯನಗರಕ್ಕೆ ಹೋಗುತ್ತಿತ್ತು ಎಂದು ಊರವರು ಇವತ್ತಿಗೂ ಹೇಳುತ್ತಾರೆ. ಹಗರಿಬೊಮ್ಮನಹಳ್ಳಿಗೆ ತುಂಗಭದ್ರಾ ಜಲಾಶಯದ ಹಿನ್ನೀರಿದೆ, ಹಗರಿಹಳ್ಳಕ್ಕೆ ಕಟ್ಟಿದ ಮಾಲವಿ ಜಲಾಶಯವಿದೆ. ಕೂಡ್ಲಿಗಿ, ಕೊಟ್ಟೂರಿನವರಿಗೆ ಕೆರೆಯೇ ಗತಿ. ಮಳೆ ಬಂದರೆ ಮೀನು, ಇಲ್ಲದಿದ್ದರೆ ಬಿರುಕು ಬಿಟ್ಟ ಎರೆಮಣ್ಣು. ಕೂಡ್ಲಿಗಿಯ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಯ ಮೇಲೆ ಅಲ್ಲಿನ ರೈತರು ಇಷ್ಟೊಂದು ಕಣ್ಣಿಟ್ಟಿರುವುದು ಅದಕ್ಕೇ.

ಮೇ ತಿಂಗಳಲ್ಲಿ ಹೊಳೆ ಹರಿಯುವುದು ಹೆಸರಿಗೆ ಮಾತ್ರ. ಬಂಡೆಗಳ ನಡುವೆ, ಮರಳು ತೆಗೆದ ಗುಂಡಿಗಳಲ್ಲಿ, ದಂಡೆ ಕೊರೆದ ತಿರುವುಗಳಲ್ಲಿ ನೀರು ನಿಂತು ಮಡುಗಳಾಗುತ್ತವೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ತುಂಬಿದರೆ ಹಿನ್ನೀರು ಸುಮಾರು 378 ಚದರ ಕಿಲೋಮೀಟರ್ ಹರಡುತ್ತದೆ. ಬೇಸಿಗೆಯಲ್ಲಿ ಅದೇ ನೀರು ದೂರದೂರಕ್ಕೆ ಸರಿದು, ಹರಗೋಲು ಓಡಾಡಿದ ಜಾಗದಲ್ಲಿ ದನ ಮೇಯುತ್ತವೆ. ಆ ಇಡೀ ನೀರಿನ ಮೀನು ಉಳಿದಷ್ಟು ನೀರಿಗೆ ಬಂದು ಸೇರುತ್ತದೆ. ಮಳೆಗಾಲದಲ್ಲಿ ಹುಡುಕಿದರೂ ಸಿಗದ ಮೀನು ಈಗ ಒಂದೇ ಮಡುವಿನಲ್ಲಿ ಕಿಕ್ಕಿರಿದಿರುತ್ತದೆ. ಹಿಡಿಯೋದು ಸುಲಭ. ತೊಂದರೆ ಇರುವುದೂ ಅಲ್ಲೇ.

ಗಾಳ ಇವತ್ತಿನದಲ್ಲ

ಗಾಳ ಹಾಕುವುದೆಂದರೆ ಕೆಲಸವಿಲ್ಲದವರ ಹವ್ಯಾಸ ಅಂತ ಮನೆಯಲ್ಲಿ ಬೈಸಿಕೊಳ್ಳುವವರಿಗೆ ಒಂದು ಸಮಾಧಾನದ ಸುದ್ದಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಹೊಳೆ ಮತ್ತು ಕಡಲಿನ ಹಲವು ಬಗೆಯ ಮೀನುಗಳು, ಅವಕ್ಕೆ ಹಾಕುವ ಮೇವು, ಕೋಲು, ದಾರ, ಹಿಡಿಯುವ ರೀತಿ ಎಲ್ಲವನ್ನೂ ಅದರಲ್ಲಿ ವಿವರಿಸಲಾಗಿದೆ. ಅರಸನೇ ಗಾಳದ ಪಾಠ ಬರೆದಿದ್ದಾನೆ ಅಂದ ಮೇಲೆ ನಮ್ಮದೇನು ಮಹಾ!

ನಮ್ಮ ಕಡೆಯ ಗಾಳದ ಸಾಮಾನು ಬಹಳ ಸರಳ. ಒಂದು ಬಿದಿರು ಕೋಲು, ನೈಲಾನ್ ದಾರ, ಕೊಕ್ಕೆ, ಒಂದು ಸೀಸದ ಗುಂಡು, ಮೇಲೆ ತೇಲಲು ಬೆಂಡು. ಬೆಂಡಿಗೆ ಒಣಗಿದ ಜೋಳದ ದಂಟಿನ ತುಂಡು ಸಾಕು. ಮೇವಿಗೆ ಎರೆಹುಳ, ಮಿಡತೆ, ಜೋಳದ ಹಿಟ್ಟಿನ ಉಂಡೆ, ಶೇಂಗಾ ಹಿಂಡಿ. ಗೆಂಡೆಗೆ ಹಿಟ್ಟು, ಮೀಸೆ ಮೀನಿಗೆ ಎರೆಹುಳ, ಕೊರಮೀನಿಗೆ ಸಣ್ಣ ಮೀನು ಅಥವಾ ಕಪ್ಪೆಮರಿ. ಈಚೆಗೆ ರೀಲ್ ಇರುವ ಫೈಬರ್ ರಾಡ್, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳೂ ಬಂದಿವೆ. ಆದರೆ ಬೆಂಡು ಪುಳಕ್ಕನೆ ಮುಳುಗಿದಾಗ ಎದೆ ಹೊಡೆದುಕೊಳ್ಳುವುದು ಎರಡರಲ್ಲೂ ಒಂದೇ.

ಟ್ರೌಟ್ ದೇಶದವರು ಏನು ಮಾಡ್ತಾರೆ?

ಅಮೆರಿಕ, ಇಂಗ್ಲೆಂಡ್ ಕಡೆ ಟ್ರೌಟ್ ಎಂಬ ಮೀನಿಗೆ ಗಾಳ ಹಾಕುವುದೇ ಒಂದು ದೊಡ್ಡ ಶೋಕಿ. ಟ್ರೌಟ್ ತಣ್ಣೀರಿನ ಮೀನು. ನಮ್ಮ ದೇಶದಲ್ಲಿ ಕಾಶ್ಮೀರ, ಹಿಮಾಚಲ, ನೀಲಗಿರಿ, ಮುನ್ನಾರಿನಂಥ ಚಳಿ ಜಾಗಗಳಲ್ಲಿ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟಿದ್ದು ಇಂದಿಗೂ ಇದೆ. ಅದನ್ನು ಹಿಡಿಯಲು ಎರೆಹುಳ ಬಳಸುವ ಬದಲು ಹಲವರು ‘ಫ್ಲೈ’ ಬಳಸುತ್ತಾರೆ. ಅಂದರೆ ಕೊಕ್ಕೆಗೆ ಹಕ್ಕಿಯ ಗರಿ, ಪ್ರಾಣಿಯ ಕೂದಲು, ಬಣ್ಣದ ದಾರ ಸುತ್ತಿ ಮಾಡಿದ ಸುಳ್ಳು ಹುಳ. ಅದು ನೀರಿನ ಮೇಲೆ ಹುಳದಂತೆಯೇ ಇಳಿಯಬೇಕು, ಹುಳದಂತೆಯೇ ತೇಲಬೇಕು. ಆಗ ಮೀನು ನಂಬಿ ಮೇಲೆದ್ದು ಬಾಯಿ ಹಾಕುತ್ತದೆ.

ಇದು ನಮಗೆ ತೀರಾ ಹೊಸದೇನಲ್ಲ ನೋಡ್ರಿ. ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ರೆಕ್ಕೆಯ ಈಸಲು ಹುಳ ಎದ್ದು ಬೀದಿದೀಪಕ್ಕೆ ಮುತ್ತುತ್ತವಲ್ಲ, ಅವೇ ಹುಳ ಹೊಳೆ ಮೇಲೂ ಉದುರುತ್ತವೆ. ಆವತ್ತು ಮಡುವಿನ ಮೇಲೆ ಗುಳುಗುಳು ಸದ್ದು, ಎಲ್ಲಿ ನೋಡಿದರೂ ಸುತ್ತುಬಳೆ. ಅಂಥ ಸಂಜೆ ಬೆಂಡು, ಸೀಸ ಎರಡನ್ನೂ ಬಿಚ್ಚಿಟ್ಟು, ಕೊಕ್ಕೆಗೆ ಒಂದು ಈಸಲು ಹುಳ ಸಿಕ್ಕಿಸಿ ನೀರಿನ ಮೇಲೆಯೇ ತೇಲಿಬಿಟ್ಟರೆ ಅದೇ ನಮ್ಮೂರ ಫ್ಲೈ ಫಿಶಿಂಗ್.

ಆದರೆ ಟ್ರೌಟ್ ಹಿಡಿಯುವವರಿಂದ ಕಲಿಯಬೇಕಾದ್ದು ಸುಳ್ಳು ಹುಳ ಕಟ್ಟುವುದಕ್ಕಿಂತ ಹೆಚ್ಚಾಗಿ, ಕೋಲು ಮಡಚುವುದು. ಅಲ್ಲಿ ಬೇಸಿಗೆ ಕೊನೆಗೆ ಹೊಳೆ ಬಡವಾಗಿ ನೀರು ಕಾದರೆ ಟ್ರೌಟ್ ಬಳಲುತ್ತದೆ. ಆಗ ಹಿಡಿದು ಬಿಟ್ಟರೂ ಸಾಯಬಹುದು. ಹಾಗಾಗಿ ಅನುಭವಿಗಳು ಜೇಬಿನಲ್ಲಿ ಥರ್ಮಾಮೀಟರ್ ಇಟ್ಟುಕೊಂಡಿರುತ್ತಾರೆ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಾಳ ಎತ್ತಿ ಮನೆಗೆ ಹೋಗುತ್ತಾರೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಇದಕ್ಕೆ ಸರ್ಕಾರದ ಕಟ್ಟಳೆಯೇ ಇದೆ. ನೀರು ಮೂರು ದಿನ ಸತತವಾಗಿ ಸುಮಾರು 23 ಡಿಗ್ರಿ ಮುಟ್ಟಿದರೆ, ಆ ಹೊಳೆಯಲ್ಲಿ ಮಧ್ಯಾಹ್ನ 2ರಿಂದ ಮಧ್ಯರಾತ್ರಿವರೆಗೆ ಗಾಳ ಬಂದ್ ಮಾಡಬಹುದು.

ಮೀನು ಹಿಡಿಯಲೆಂದೇ ದುಡ್ಡು ಖರ್ಚು ಮಾಡಿ ಬಂದವರು ಮೀನಿಗಾಗಿ ಸುಮ್ಮನೆ ಎದ್ದು ಹೋಗುತ್ತಾರೆ. ಈ ಮಾತು ನಮ್ಮ ಮಡುಗಳಿಗೂ ಹೊಂದುತ್ತದೆ, ಕಾರಣ ಮಾತ್ರ ಸ್ವಲ್ಪ ಬೇರೆ.

ಕಾದ ನೀರಿನಲ್ಲಿ ಉಸಿರು

ನಮ್ಮ ಮೀನುಗಳು ಬಿಸಿಲಿಗೆ ಒಗ್ಗಿದವು. 20 ಡಿಗ್ರಿಗೆ ಅವಕ್ಕೇನೂ ಆಗುವುದಿಲ್ಲ. ಆದರೂ ನೀರು ಕಾದಷ್ಟೂ ಅದರಲ್ಲಿ ಕರಗುವ ಪ್ರಾಣವಾಯು ಕಡಿಮೆಯಾಗುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಅತ್ತ ಮೀನಿನ ಮೈಗೆ ಬೇಕಾಗುವ ಆಮ್ಲಜನಕ ಬಿಸಿ ಏರಿದಂತೆ ಹೆಚ್ಚುತ್ತದೆ. ಆದಾಯ ಕಡಿಮೆ, ಖರ್ಚು ಜಾಸ್ತಿ. ಜೊತೆಗೆ ಒಂದೇ ಮಡುವಿನಲ್ಲಿ ಹತ್ತು ಪಟ್ಟು ಸಂಸಾರ.

ಪಾಚಿಗಟ್ಟಿದ ಮಡುವಿನಲ್ಲಿ ಇನ್ನೂ ಒಂದು ತೊಡಕು. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಆದ್ದರಿಂದ ಬೆಳಗಿನ ಜಾವ ನೀರಿನಲ್ಲಿ ಉಸಿರು ತೀರಾ ಕಡಿಮೆ. ಕೋಳಿ ಕೂಗೋ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದನ್ನು ನೋಡಿ “ಇವತ್ತು ಮೀನು ಎದ್ದಾವಪ್ಪೋ” ಎಂದು ಖುಷಿಪಡುವವರುಂಟು. ಅವು ಮೇವಿಗೆ ಎದ್ದಿರುವುದಿಲ್ಲ, ಉಸಿರಿಗೆ ಎದ್ದಿರುತ್ತವೆ.

ಎಲ್ಲ ಮೀನಿಗೂ ಈ ಪಾಡಿಲ್ಲ. ಹಾವಿನಂಥ ತಲೆಯ ಕೊರಮೀನು, ಮುಳ್ಳು ಚುಚ್ಚಿದರೆ ಜೀವ ಹಿಂಡುವ ಚೇಳು ಮೀನು ಇವು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಕೆರೆ ಕೆಸರಾದಾಗಲೂ ಬದುಕುತ್ತವೆ. ಕಾಟ್ಲಾ, ರೋಹು, ಗೆಂಡೆ, ಬಾಳೆ ಮೀನಿಗೆ ಅದು ಆಗದು.

ಹೊಟ್ಟೆಯಲ್ಲಿ ಮುಂದಿನ ವರ್ಷ

ಇನ್ನು ಮುಖ್ಯ ಮಾತಿಗೆ ಬರೋಣ. ರೈತರ ಮನೆಯಲ್ಲಿ ಎಷ್ಟೇ ಬಡತನವಿದ್ದರೂ ಬಿತ್ತೋ ಬೀಜಕ್ಕೆ ಕೈ ಹಾಕುವುದಿಲ್ಲ. ಮಾಡಿನ ಮೇಲೆ ಕಟ್ಟಿಟ್ಟ ಜೋಳದ ತೆನೆ ಕುಟ್ಟಿ ತಿಂದರೆ ಮುಂದಿನ ವರ್ಷ ಹೊಲಕ್ಕೆ ಏನು ಹಾಕೋದು? ಬೇಸಿಗೆ ಕೊನೆಯ ಮಡುವಿನಲ್ಲಿರುವ ದೊಡ್ಡ ಮೀನು ಅಂಥ ಬಿತ್ತೋ ಬೀಜ.

ನಮ್ಮ ಹೊಳೆಯ ಹೆಚ್ಚಿನ ಮೀನುಗಳು ಮುಂಗಾರಿನ ಹೊಸನೀರು ಬಂದಾಗ ಮೊಟ್ಟೆ ಇಡುತ್ತವೆ. ಮಲೆನಾಡಿನಲ್ಲಿ ಮಳೆ ಹಿಡಿದು ತುಂಗೆ, ಭದ್ರೆ ಕೆಂಪಗೆ ಉಕ್ಕಿ ಕೂಡ್ಲಿಯಲ್ಲಿ ಒಂದಾಗಿ ನಮ್ಮ ಕಡೆ ಇಳಿದಾಗ, ಮೀನು ನೀರಿಗೆ ಎದುರಾಗಿ ಏರುತ್ತವೆ. ಹಳ್ಳದ ಬಾಯಿ, ಮುಳುಗಿದ ಹುಲ್ಲುಗಾವಲು, ತೆಳುನೀರಿನ ಜಾಗ ಹುಡುಕುತ್ತವೆ. ಅದಕ್ಕೆ ಮುಂಚೆ ಮೇ ತಿಂಗಳಲ್ಲೇ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತಿರುತ್ತದೆ. ಕಾಟ್ಲಾ, ರೋಹು ಜಾತಿಯ ಹೆಣ್ಣು ಮೀನಿನಲ್ಲಿ ತೂಕದ ಒಂದೊಂದು ಕೆಜಿಗೂ ಲಕ್ಷಕ್ಕೂ ಮಿಕ್ಕಿ ಮೊಟ್ಟೆ ಇರಬಲ್ಲದು. ಎಲ್ಲವೂ ಬದುಕುವುದಿಲ್ಲ ನಿಜ. ಆದರೆ ಐದು ಕೆಜಿಯ ಒಂದು ತಾಯಿಮೀನನ್ನು ಮೇ ಕೊನೆಗೆ ಸಾರು ಮಾಡಿದರೆ ಹೊಳೆ ಕಳೆದುಕೊಂಡದ್ದು ಐದು ಕೆಜಿ ಮಾತ್ರ ಅಲ್ಲ.

ಕಾಟ್ಲಾ, ರೋಹು, ಮೃಗಾಲ ಗಂಗೆಯ ಕಡೆಯಿಂದ ಬಂದ ಮೀನುಗಳು. ಹ್ಯಾಚರಿಯಲ್ಲಿ ಮರಿ ಮಾಡಿ ಜಲಾಶಯ, ಕೆರೆಗಳಿಗೆ ಬಿಡುತ್ತಾರೆ. ಕಡಿಮೆಯಾದರೆ ಮತ್ತೆ ತಂದು ಬಿಡಬಹುದು. ತುಂಗಭದ್ರೆಯ ಸ್ವಂತ ಮೀನುಗಳ ಕಥೆ ಹಾಗಲ್ಲ. ಹುಲ್ಲು ಮೇಯುವ ಹುಲ್ಲುಗೆಂಡೆ ತೀರಾ ಅಪರೂಪವಾಗಿದೆ. ಮೀಟರ್‌ಗೂ ಮಿಕ್ಕಿ ಬೆಳೆಯಬಲ್ಲ ಬಾಳೆ ಮೀನು ಅಪಾಯಕ್ಕೆ ಸಿಕ್ಕಿದ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿ ಸೇರಿದೆ. ಹೊರಗಿನಿಂದ ಬಂದ ಜಿಲೇಬಿ ಮೀನು ಮಾತ್ರ ಎಲ್ಲಿ ನೋಡಿದರೂ ಕಾಣುತ್ತದೆ. ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಹೊಳೆಗೆ ತಪ್ಪಿಸಿಕೊಂಡರೆ ಊರ ಮೀನಿನ ಮರಿಗಳನ್ನು ನುಂಗಿ ಹಾಕುತ್ತದೆ.

ಕೊರಮೀನಿನದು ಇನ್ನೊಂದು ಬಗೆ. ಗಂಡು ಹೆಣ್ಣು ಸೇರಿ ದಂಡೆಯ ಜೊಂಡಿನಲ್ಲಿ ಗೂಡು ಮಾಡಿ ಮರಿಗಳನ್ನು ಕಾಯುತ್ತವೆ. ಮಳೆ ಶುರುವಾದ ಮೇಲೆ ಕೆರೆಯಲ್ಲಿ ಕೆಂಪಗಿನ ಸಣ್ಣ ಮರಿಗಳ ಗುಂಪು ಗುಳ್ಳೆ ಎಬ್ಬಿಸುತ್ತ ಸಾಗಿದರೆ ಕೆಳಗೆ ತಾಯಿ ತಂದೆ ಇವೆ ಎಂದೇ ತಿಳಿಯಿರಿ. ಆ ಗುಂಪಿನ ನಡುವೆ ಗಾಳ ಬಿಟ್ಟರೆ ಮರಿಗಳನ್ನು ಕಾಯುವ ಸಿಟ್ಟಿಗೇ ಅದು ಕಚ್ಚುತ್ತದೆ. ದೊಡ್ಡ ಮೀನು ಸಿಕ್ಕಿತೆಂದು ಎಳೆದುಕೊಂಡರೆ, ಕಾಯುವವರಿಲ್ಲದ ನೂರಾರು ಮರಿಗಳು ಹಕ್ಕಿ, ಬೇರೆ ಮೀನುಗಳ ಬಾಯಿಗೆ ಹೋಗುತ್ತವೆ. ಜೂನ್‌ನಲ್ಲಿ, ಮಿರಗದ ಹೊತ್ತಿಗೆ ಹೈದರಾಬಾದಿನ ‘ಮೀನು ಮದ್ದಿ’ಗೂ ಕೊರಮೀನಿನ ಮರಿಯೇ ಬೇಕು. ಬೇಡಿಕೆ ಏರುವುದೂ ಸಂತಾನ ಬೆಳೆಯುವುದೂ ಒಂದೇ ಕಾಲಕ್ಕೆ.

ತಪ್ಪು ಗಾಳದ್ದಲ್ಲ

ಇಷ್ಟು ಹೇಳಿದ್ದಕ್ಕೆ ಗಾಳವೇ ಕೆಟ್ಟದ್ದು ಎಂದು ತಿಳಿಯಬೇಡಿ. ಮೀನು ಹಿಡಿಯುವ ದಾರಿಗಳಲ್ಲಿ ಗಾಳದಷ್ಟು ಸೌಮ್ಯವಾದದ್ದು ಇನ್ನೊಂದಿಲ್ಲ. ಒಂದು ಕೊಕ್ಕೆ, ಒಂದು ಮೀನು, ಬೇಡವೆಂದರೆ ಬಿಟ್ಟುಬಿಡಬಹುದು. ಮಡುವನ್ನು ಬರಿದು ಮಾಡುವುದು ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ, ಬ್ಲೀಚಿಂಗ್ ಪೌಡರ್, ಕೀಟನಾಶಕ, ಸಿಡಿಮದ್ದು, ಪಂಪ್‌ಸೆಟ್ಟಿನ ಕರೆಂಟು. ಮೊಟ್ಟೆ, ಮರಿ, ಕಪ್ಪೆ, ಏಡಿ ಯಾವುದೂ ಅದರಲ್ಲಿ ಉಳಿಯುವುದಿಲ್ಲ. ಅದೇ ನೀರು ದನ ಕುಡಿಯುತ್ತದೆ, ಅದೇ ಮೀನು ಸಂತೆಗೆ ಬರುತ್ತದೆ. ಕರೆಂಟು ಬಿಟ್ಟವರೇ ಪ್ರಾಣ ಕಳೆದುಕೊಂಡ ಸುದ್ದಿಯೂ ಪತ್ರಿಕೆಯಲ್ಲಿ ಬರುತ್ತಿರುತ್ತದೆ.

ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಅದಕ್ಕೂ ಮುಂಚೆ, 1873ರಲ್ಲೇ, ಮಂಗಳೂರಿನ ಕಡೆ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಎಂಬ ಗಾಳದ ಹುಚ್ಚಿನ ಇಂಗ್ಲಿಷಿನವನು ಭಾರತದ ಗಾಳದ ಮೀನುಗಾರಿಕೆ ಬಗ್ಗೆ ದೊಡ್ಡ ಪುಸ್ತಕ ಬರೆದಿದ್ದ. ಹೊಳೆಗೆ ವಿಷ ಹಾಕುವುದು, ಮರಿಮೀನು ಬಳಿಯುವುದು ಅವನನ್ನೂ ಚಿಂತೆಗೆ ಹಚ್ಚಿತ್ತು. ನೂರೈವತ್ತು ವರ್ಷವಾಯಿತು, ಚಿಂತೆ ಮಾತ್ರ ಹಳೆಯದೇ.

ಕಾಪಾಡಿದ ಉದಾಹರಣೆಯೂ ಇದೇ ಹೊಳೆಯ ಮೇಲ್ಭಾಗದಲ್ಲಿವೆ. ಶೃಂಗೇರಿಯಲ್ಲಿ ತುಂಗೆಯ ಮೀನು ದೇವರ ಮೀನು, ಯಾರೂ ಮುಟ್ಟುವುದಿಲ್ಲ. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ಮತ್ಸ್ಯಧಾಮವಿದೆ. ಕೆಳಗೆ, ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಮೀನಿದ್ದರೆ ತಾನೇ ನೀರುನಾಯಿ! ನಮ್ಮ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆ 98.76 ಹೆಕ್ಟೇರಿನ ಪಕ್ಷಿಧಾಮ, 2024ರಲ್ಲಿ ರಾಮ್ಸಾರ್ ತಾಣವಾಯಿತು. ಅಲ್ಲಿ 240ಕ್ಕೂ ಹೆಚ್ಚು ಬಗೆಯ ಹಕ್ಕಿ, 41 ಬಗೆಯ ಮೀನು ದಾಖಲಾಗಿವೆ. ಬಣ್ಣದ ಕೊಕ್ಕರೆ ಮರಿ ಸಾಕುವುದೂ ಮೀನಿನಿಂದಲೇ.

ಗಾಳ ಹಾಕುವವರಿಗೆ ಏಳು ಮಾತು

1. ಕೇಳಿ ಹಾಕಿ. ಜಲಾಶಯ, ಕೆರೆಗಳ ಮೀನನ್ನು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅದು ಅವರ ಅನ್ನ. ಪಕ್ಷಿಧಾಮದಲ್ಲಿ ಗಾಳದ ಯೋಚನೆಯೇ ಬೇಡ.

2. ಬೆಳಿಗ್ಗೆ ಹಾಕಿ, ಬಿಸಿಲೇರುವ ಮೊದಲು ಎದ್ದುಬಿಡಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅವತ್ತು ಗಾಳ ಬೇಡ.

3. ಹೊಟ್ಟೆ ಉಬ್ಬಿದ ದೊಡ್ಡ ಮೀನು ಸಿಕ್ಕರೆ ಬಿಟ್ಟುಬಿಡಿ. ರೋಹಿಣಿ ಹುಟ್ಟುವ ಮೇ 25ರ ಸುಮಾರಿನಿಂದ ಹೊಸನೀರು ಬಂದು ಇಳಿಯುವವರೆಗೆ ಗಾಳವನ್ನೇ ಅಟ್ಟಕ್ಕೆ ಹಾಕಿದರೆ ಇನ್ನೂ ಒಳ್ಳೆಯದು.

4. ಬಿಡುವ ಮೀನನ್ನು ಒಣಗೈಯಲ್ಲಿ ಹಿಡಿಯಬೇಡಿ, ಮೈಯ ಲೋಳೆ ಕಿತ್ತು ಹೋಗುತ್ತದೆ. ಕೈ ಒದ್ದೆ ಮಾಡಿಕೊಂಡು, ನೀರಿನಲ್ಲಿಟ್ಟೇ ಕೊಕ್ಕೆ ತೆಗೆಯಿರಿ. ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಟ್ಟುಕೊಂಡರೆ ಸಲೀಸಾಗಿ ಬರುತ್ತದೆ. ಕಾದ ಬಂಡೆ ಮೇಲೆ ಮಲಗಿಸಿ ಸೆಲ್ಫಿ ತೆಗೆದು ಆಮೇಲೆ ಬಿಟ್ಟರೆ ಅದು ಬಿಟ್ಟಂತಲ್ಲ.

5. ಮನೆಗೆ ಬೇಕಾದಷ್ಟೇ ತನ್ನಿ. ಜಿಲೇಬಿ ಮೀನು ಸಿಕ್ಕರೆ ಸಂಕೋಚವಿಲ್ಲದೆ ತನ್ನಿ, ಅದನ್ನು ತಿಂದಷ್ಟೂ ಊರ ಮೀನಿಗೆ ಒಳ್ಳೆಯದು.

6. ಹರಿದ ನೈಲಾನ್ ದಾರ ದಂಡೆಯಲ್ಲಿ ಬಿಡಬೇಡಿ. ಕೊಕ್ಕರೆಯ ಕಾಲಿಗೆ, ದನದ ಬಾಯಿಗೆ ಸಿಕ್ಕುತ್ತದೆ.

7. ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಮೊಣಕಾಲುದ್ದ ಕಂಡರೂ ಒಳಗೆ ಆಳವಿರುತ್ತವೆ. ತುಂಗಭದ್ರೆಯಲ್ಲಿ ಮೊಸಳೆಗಳಿವೆ. ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಟ್ಟು ದಂಡೆ ಬಿಡಿ. ಕರೆಂಟಿನ ತಂತಿ ಕೆಳಗೆ ಉದ್ದನೆಯ ರಾಡ್ ಎತ್ತಲೇಬೇಡಿ.

ಒಲೆ ಮುಂದೆ ಒಂದು ಮಾತು

ಮನೆಯಲ್ಲಿ ಮೀನು ತೊಳೆಯುವವರಿಗೆ ಹೊಳೆಯ ಗುಟ್ಟು ಮೊದಲು ಗೊತ್ತಾಗುತ್ತದೆ. ಹೊಟ್ಟೆ ಸೀಳಿದಾಗ ಹಳದಿ ಮೊಟ್ಟೆಯ ಗಡ್ಡೆ ಕಂಡರೆ, “ತತ್ತಿ ಐತಿ” ಎಂದು ಹುರಿದು ಮಕ್ಕಳಿಗೆ ಕೊಡುವುದು ನಮ್ಮ ರೂಢಿ. ರುಚಿಯೇನೋ ಹೌದು. ಆದರೆ ಆ ಹೊತ್ತಿಗೆ ಒಂದು ಮಾತು ಹೇಳಲು ಸಾಧ್ಯವಿರುವುದು ಅಡುಗೆ ಮಾಡುವವರಿಗೇ: “ಇನ್ನ ಮಳಿ ಬಂದು ಹೋಗೋ ತನಕ ದೊಡ್ಡವು ತರಬ್ಯಾಡ್ರಿ.” ಸಂತೆಯಲ್ಲಿ ಕೊಳ್ಳುವಾಗಲೂ ಬೆರಳುದ್ದದ ಮರಿಮೀನಿನ ಗುಡ್ಡೆ ಬೇಡವೆಂದರೆ ಸಣ್ಣ ಕಣ್ಣಿನ ಬಲೆಗೆ ಗಿರಾಕಿ ತಪ್ಪುತ್ತದೆ.

ಬೇಸಿಗೆಯ ಮಡುವಿನ ಮೀನಿಗೆ ಕೆಸರಿನ ವಾಸನೆ ಜಾಸ್ತಿ. ಉಪ್ಪು, ಅರಿಶಿನ, ಜೋಳದ ಹಿಟ್ಟು ಹಚ್ಚಿ ತಿಕ್ಕಿ ತೊಳೆದು, ಹುಣಸೆಹುಳಿಯಲ್ಲಿ ಸ್ವಲ್ಪ ಹೊತ್ತು ನೆನೆಸಿ. ಬಳ್ಳೊಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ ಹುರಿದು ರುಬ್ಬಿ, ಹುಳಿ ಮುಂದಿಟ್ಟು ಸಾರು ಕುದಿಸಿ, ಮೀನನ್ನು ಕೊನೆಗೆ ಹಾಕಿ. ಸೌಟು ಆಡಿಸಬೇಡಿ, ಪಾತ್ರೆಯನ್ನೇ ಅಲುಗಾಡಿಸಿ. ಬಿಸಿ ಜೋಳದ ರೊಟ್ಟಿಗೆ ಅದಕ್ಕಿಂತ ಬೇರೆ ಬೇಕಿಲ್ಲ.

ಮಡುವಿನಲ್ಲಿ ಈ ಬೇಸಿಗೆ ಉಳಿದ ಒಂದು ತಾಯಿಮೀನು ಮುಂಗಾರಿನಲ್ಲಿ ಹಳ್ಳ ಏರಿದರೆ, ಬರುವ ವರ್ಷ ಗಾಳ ಹಿಡಿದು ಕೂತ ನಮ್ಮ ಮಕ್ಕಳ ಬೆಂಡೂ ಮುಳುಗುತ್ತದೆ. ನಿಮ್ಮೂರ ಹಳ್ಳ, ಕೆರೆಯಲ್ಲಿ ಹಿಂದೆ ಸಿಗುತ್ತಿದ್ದು ಈಗ ಕಾಣದ ಮೀನು ಯಾವುದು? ಅದನ್ನು ಮನೆಯ ಹಿರಿಯರು ಯಾವ ಹೆಸರಿನಿಂದ ಕರೆಯುತ್ತಿದ್ದರು? ಒಂದು ಸಲ ಅಜ್ಜ, ಅಜ್ಜಿಯನ್ನು ಕೇಳಿ ನೋಡಿ, ನಮಗೂ ಬರೆದು ತಿಳಿಸಿ.